ಗರ್ಭಿಣಿಯರ ಸೌಮ್ಯ ಥೈರಾಯ್ಡ್ ಸಮಸ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವೈದ್ಯೆಯಲ್ಲ, ಫಾರ್ಮಸಿಸ್ಟ್. ವೈದ್ಯರ ಎದುರು ಕೇಳಲು ಸಂಕೋಚಪಟ್ಟ ಪ್ರಶ್ನೆಗಳನ್ನು ನಮ್ಮ ಊರಿನ ಹೆಣ್ಣುಮಕ್ಕಳು ಔಷಧದ ಅಂಗಡಿಯಲ್ಲಿ ಕೇಳುತ್ತಾರೆ. ಥೈರಾಕ್ಸಿನ್ ಚೀಟಿ ಹಿಡಿದು ಬಂದ ಗರ್ಭಿಣಿಯರು, ಅವರ ತಾಯಂದಿರು, ಅತ್ತೆಯಂದಿರು, ಗಂಡಂದಿರು ಕೌಂಟರಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು, ಆಮೇಲೆ ಪತ್ರ ಬರೆದು ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಔಷಧದ ಪ್ರಮಾಣವನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಆ ಮಾತ್ರೆ ಮನೆಗೆ ಬಂದ ಮೇಲೆ ಏನು ಮಾಡಬೇಕು ಎನ್ನುವುದೇ ಇಲ್ಲಿನ ಮುಖ್ಯ ವಿಷಯ, ಏಕೆಂದರೆ ನಾನು ಕಂಡಂತೆ ಹೆಚ್ಚಿನ ಎಡವಟ್ಟು ಆಗುವುದು ಅಲ್ಲಿಯೇ.

## ರಿಪೋರ್ಟ್ ಕೈಗೆ ಬಂದಾಗ

ಟಿಎಸ್‌ಎಚ್ 4.8 ಬಂದಿದೆ. ನನಗೆ ಥೈರಾಯ್ಡ್ ಬಂದಿದೆ ಎಂದು ಅರ್ಥವೇ?

ಥೈರಾಯ್ಡ್ ಕಾಯಿಲೆಯ ಹೆಸರಲ್ಲ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿಯ ಹೆಸರು, ಅದು ಎಲ್ಲರಿಗೂ ಇದೆ. ಆ ಗ್ರಂಥಿ ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ, ರಿಪೋರ್ಟಿನಲ್ಲಿ ಅದನ್ನು ಟಿ4 ಎಂದು ಬರೆದಿರುತ್ತಾರೆ. ಟಿಎಸ್‌ಎಚ್ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಥೈರಾಕ್ಸಿನ್ ಸ್ವಲ್ಪ ಕಡಿಮೆಯಾಗುತ್ತಿದೆ ಎನಿಸಿದರೆ ಪಿಟ್ಯುಟರಿ ಟಿಎಸ್‌ಎಚ್ ಹೆಚ್ಚಿಸಿ ಥೈರಾಯ್ಡನ್ನು ಎಚ್ಚರಿಸುತ್ತದೆ. ಟಿಎಸ್‌ಎಚ್ ಏರಿದ್ದು ಟಿ4 ಇನ್ನೂ ಸರಿಯಾಗಿಯೇ ಇದ್ದರೆ ಅದನ್ನು ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡಿಸಂ ಎನ್ನುತ್ತಾರೆ. ಈ ಬರಹದಲ್ಲಿ ‘ಸೌಮ್ಯ’ ಎಂದು ಕರೆದಿರುವುದು ಹೆಚ್ಚಾಗಿ ಇದನ್ನೇ. ಆದ್ದರಿಂದ ಟಿಎಸ್‌ಎಚ್ ಒಂದನ್ನೇ ನೋಡಿ ಗಾಬರಿಯಾಗುವ ಮೊದಲು ಫ್ರೀ ಟಿ4, ಅಂದರೆ ರಕ್ತದಲ್ಲಿ ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಟಿ4, ಎಷ್ಟಿದೆ ಎಂದು ನೋಡಿ. ಅದನ್ನು ಪರೀಕ್ಷಿಸಿಲ್ಲದಿದ್ದರೆ ವೈದ್ಯರನ್ನು ಕೇಳಿ.

ಬಸುರಿಯಾದ ಕೂಡಲೇ ಇದು ಏಕೆ ಕಾಣಿಸಿಕೊಳ್ಳುತ್ತದೆ? ಮದುವೆಗೆ ಮುಂಚೆ ಎಲ್ಲ ಸರಿಯಿತ್ತಲ್ಲ?

ಗರ್ಭ ನಿಂತ ಮೇಲೆ ಥೈರಾಯ್ಡಿನ ಕೆಲಸ ಒಮ್ಮೆಲೇ ಹೆಚ್ಚುತ್ತದೆ. ಥೈರಾಕ್ಸಿನ್ ರಕ್ತದಲ್ಲಿ ಒಂದು ಪ್ರೋಟೀನಿಗೆ ಅಂಟಿಕೊಂಡು ಸಂಚರಿಸುತ್ತದೆ. ಗರ್ಭಾವಸ್ಥೆಯಲ್ಲಿ ಈಸ್ಟ್ರೋಜನ್ ಹೆಚ್ಚಾಗಿ ಆ ಪ್ರೋಟೀನೂ ಹೆಚ್ಚುವುದರಿಂದ ಅದನ್ನು ತುಂಬಲು ಇನ್ನಷ್ಟು ಥೈರಾಕ್ಸಿನ್ ಬೇಕು. ಜೊತೆಗೆ ಮಗುವಿನ ಸ್ವಂತ ಗ್ರಂಥಿ ಸಾಕಷ್ಟು ಹಾರ್ಮೋನ್ ತಯಾರಿಸಲು ತೊಡಗುವುದು ಸುಮಾರು 18ರಿಂದ 20 ವಾರಗಳ ಹೊತ್ತಿಗೆ. ಅಲ್ಲಿಯವರೆಗೆ ಅದು ತಾಯಿಯದನ್ನೇ ನಂಬಿಕೊಂಡಿರುತ್ತದೆ. ಒಬ್ಬರಿಗೆ ಸಾಲುತ್ತಿದ್ದ ಗ್ರಂಥಿ ಇಬ್ಬರಿಗೆ ದುಡಿಯುವಾಗ ಅದರ ಮಿತಿ ಹೊರಗೆ ಕಾಣುತ್ತದೆ, ಅಷ್ಟೆ. ನೀವು ತಿಂದದ್ದರಿಂದಲೋ, ಯೋಚಿಸಿದ್ದರಿಂದಲೋ ಬಂದದ್ದಲ್ಲ.

ನನಗೆ ಯಾವ ಲಕ್ಷಣವೂ ಇಲ್ಲ. ಸುಸ್ತು ಎಲ್ಲ ಗರ್ಭಿಣಿಯರಿಗೂ ಇರುತ್ತದೆ. ಹಾಗಿದ್ದರೆ ಚಿಂತೆ ಏಕೆ?

ಸುಸ್ತು, ಮಲಬದ್ಧತೆ, ತೂಕ ಏರುವುದು, ಮಧ್ಯಾಹ್ನ ನಿದ್ದೆ ಎಳೆಯುವುದು ಎಲ್ಲವೂ ಗರ್ಭಾವಸ್ಥೆಯ ಲಕ್ಷಣಗಳೂ ಹೌದು, ಥೈರಾಯ್ಡ್ ಮಂದವಾಗಿರುವುದರ ಲಕ್ಷಣಗಳೂ ಹೌದು. ಎರಡನ್ನೂ ಬೇರ್ಪಡಿಸಲು ರಕ್ತಪರೀಕ್ಷೆಯೇ ಬೇಕು. ಲಕ್ಷಣವಿಲ್ಲ ಎಂದು ಬರೆದುಕೊಟ್ಟ ಮಾತ್ರೆಯನ್ನು ಬಿಡಬೇಡಿ. ಲಕ್ಷಣಗಳಿವೆ ಎಂದು ಪರೀಕ್ಷೆಯಿಲ್ಲದೆ ಮಾತ್ರೆ ಶುರು ಮಾಡುವುದೂ ತಪ್ಪು.

ಒಬ್ಬ ಡಾಕ್ಟರ್ ಮಾತ್ರೆ ಬೇಕೇ ಬೇಕು ಎಂದರು, ಇನ್ನೊಬ್ಬರು ಬೇಡ ಎಂದರು. ಯಾರನ್ನು ನಂಬಲಿ?

ಈ ಪ್ರಶ್ನೆ ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ಇಬ್ಬರೂ ವೈದ್ಯರು ಪ್ರಾಮಾಣಿಕರೇ ಇರಬಹುದು. ಗೆರೆ ಎಲ್ಲಿ ಎಳೆಯಬೇಕು ಎನ್ನುವುದೇ ಈ ಹದಿನೈದು ವರ್ಷಗಳಲ್ಲಿ ಸರಿದಾಡಿದೆ.

2011ರಲ್ಲಿ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ 2.5ರ ಒಳಗಿರಬೇಕು ಎಂದಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಮೊದಲ ತ್ರೈಮಾಸಿಕಕ್ಕೆ 2.5, ನಂತರಕ್ಕೆ 3 ಎಂಬ ಗೆರೆಯನ್ನೇ ಹಿಡಿಯಿತು. ಅದರಿಂದ 10ರವರೆಗೆ ಇದ್ದರೆ ದಿನಕ್ಕೆ 25 ಮೈಕ್ರೋಗ್ರಾಂ, 10 ದಾಟಿದರೆ 50 ಮೈಕ್ರೋಗ್ರಾಂ ಎಂದು ಸೂಚಿಸಿತು. ಆದರೆ ಆರೋಗ್ಯವಂತ ಗರ್ಭಿಣಿಯರಲ್ಲಿಯೇ ಅನೇಕರು ಈ ಗೆರೆಯ ಮೇಲಿದ್ದರು. ದೆಹಲಿಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ತ್ರೈಮಾಸಿಕದ ಸಹಜ ಮೇಲ್ಮಿತಿಯೇ 5ರಷ್ಟಿತ್ತು. 2017ರಲ್ಲಿ ಅದೇ ಅಮೆರಿಕದ ಸಂಸ್ಥೆ ತನ್ನ ಮಾತನ್ನು ತಿದ್ದಿಕೊಂಡಿತು: ಆಯಾ ಪ್ರದೇಶದ ಗರ್ಭಿಣಿಯರ ಅಳತೆಯನ್ನು ಬಳಸಿ, ಅದು ಇಲ್ಲದಿದ್ದರೆ ಸುಮಾರು 4 ಎಂದು ಇಟ್ಟುಕೊಳ್ಳಿ ಎಂದಿತು.

ಹೀಗಾಗಿ 10ಕ್ಕಿಂತ ಹೆಚ್ಚಿದ್ದರೆ ಮಾತ್ರೆ ಬೇಕು ಎನ್ನುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ. 4ರಿಂದ 10ರ ನಡುವೆ ಇದ್ದು ಆಂಟಿ ಟಿಪಿಒ ಎಂಬ, ಸ್ವಂತ ಥೈರಾಯ್ಡ್ ಗ್ರಂಥಿಯ ವಿರುದ್ಧವೇ ದೇಹ ತಯಾರಿಸುವ ಪ್ರತಿಕಾಯವೂ ಇದ್ದರೆ ಕೊಡಬೇಕು ಎಂದೇ 2017ರ ಅಮೆರಿಕದ ಮಾರ್ಗಸೂಚಿಯ ಸಲಹೆ. ಪ್ರತಿಕಾಯವಿಲ್ಲದಿದ್ದರೆ ಕೊಡುವ ವಿಚಾರ ಮಾಡಬಹುದು ಎನ್ನುತ್ತದೆ. 2.5ರಿಂದ 4ರ ನಡುವಿನದು ವೈದ್ಯರ ವಿವೇಚನೆ. ಹಿಂದೆ ಗರ್ಭಪಾತವಾಗಿತ್ತೇ, ಮನೆಯಲ್ಲಿ ಥೈರಾಯ್ಡ್ ಸಮಸ್ಯೆ ಇದೆಯೇ, ಟೈಪ್ 1 ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನೆಲ್ಲ ಅವರು ತೂಗುತ್ತಾರೆ. ನಿಮ್ಮ ವೈದ್ಯರಿಗೆ “ಆಂಟಿ ಟಿಪಿಒ ಮಾಡಿಸಬೇಕೇ?” ಎಂದು ಕೇಳಿ. ಆ ಒಂದು ಪ್ರಶ್ನೆಯಿಂದ ಅರ್ಧ ಗೊಂದಲ ಬಗೆಹರಿಯುತ್ತದೆ.

ಮಗುವಿನ ಬುದ್ಧಿ ಕಡಿಮೆಯಾಗುತ್ತದೆ ಎಂದು ನೆರೆಯವರು ಹೇಳಿದರು. ನಿಜವೇ?

ಈ ಮಾತು ಕೇಳಿ ರಾತ್ರಿಯೆಲ್ಲ ಅತ್ತು ಬಂದವರನ್ನು ನೋಡಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಈ ಭಯದ ಮೂಲ 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ಗರ್ಭಾವಸ್ಥೆಯಲ್ಲಿ ಹೈಪೋಥೈರಾಯ್ಡಿಸಂ ಇದ್ದೂ ಚಿಕಿತ್ಸೆಯೇ ಸಿಗದಿದ್ದ ತಾಯಂದಿರ ಮಕ್ಕಳನ್ನು 7ರಿಂದ 9ನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಅವರ ಐಕ್ಯೂ ಸರಾಸರಿ 7 ಅಂಕ ಕಡಿಮೆಯಿತ್ತು. ಅವರಲ್ಲಿ ಬಹಳಷ್ಟು ತಾಯಂದಿರ ಟಿಎಸ್‌ಎಚ್ ಸೌಮ್ಯದ ಗೆರೆಯನ್ನು ಎಷ್ಟೋ ದಾಟಿತ್ತು. ಸೌಮ್ಯ ಸಮಸ್ಯೆಯ ಬಗ್ಗೆಯೇ ನಡೆದ ದೊಡ್ಡ ಪ್ರಯೋಗಗಳು ಬೇರೆ ಮಾತು ಹೇಳುತ್ತವೆ. 2012ರಲ್ಲಿ ಪ್ರಕಟವಾದ, ಬ್ರಿಟನ್ ಮತ್ತು ಇಟಲಿಯ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಅಧ್ಯಯನದಲ್ಲಿ ಮಾತ್ರೆ ಪಡೆದವರ ಮತ್ತು ಪಡೆಯದವರ ಮಕ್ಕಳ ಐಕ್ಯೂ 3ನೇ ವಯಸ್ಸಿನಲ್ಲಿ ಒಂದೇ ಮಟ್ಟದಲ್ಲಿತ್ತು. 2017ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 5ನೇ ವಯಸ್ಸಿನವರೆಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ಎರಡರಲ್ಲೂ ಮಾತ್ರೆ ಶುರುವಾದದ್ದು ತಡವಾಗಿ, 13 ಮತ್ತು 17ನೇ ವಾರದ ಆಸುಪಾಸಿನಲ್ಲಿ ಎಂಬ ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಆದರೂ ಟಿಎಸ್‌ಎಚ್ 4 ಅಥವಾ 5 ಇದ್ದ ತಾಯಿ ತನ್ನ ಮಗುವಿಗೆ ಅನ್ಯಾಯವಾಯಿತೆಂದು ಕೊರಗಲು ಇವುಗಳಲ್ಲಿ ಯಾವ ಆಧಾರವೂ ಇಲ್ಲ.

## ಮಾತ್ರೆಯ ಬಗ್ಗೆ

ಈ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಉಷ್ಣವಾಗುವುದಿಲ್ಲವೇ? ಅಡ್ಡಪರಿಣಾಮ ಇಲ್ಲವೇ?

ಇಲ್ಲ. ಲೆವೋಥೈರಾಕ್ಸಿನ್ ಎಂಬ ಈ ಮಾತ್ರೆ ನಿಮ್ಮ ಗ್ರಂಥಿ ತಯಾರಿಸುವ ಹಾರ್ಮೋನೇ, ರಾಸಾಯನಿಕವಾಗಿ ಅದೇ ವಸ್ತು. ಕೊರತೆಯಿರುವಷ್ಟನ್ನು ಹೊರಗಿನಿಂದ ತುಂಬುತ್ತೇವೆ. ಪ್ರಮಾಣ ಬೇಕಾದದ್ದಕ್ಕಿಂತ ಹೆಚ್ಚಾದರೆ ಮಾತ್ರ ಎದೆಬಡಿತ, ಕೈ ನಡುಕ, ಬೆವರು ಕಾಣಿಸಬಹುದು. ಆಗ ವೈದ್ಯರಿಗೆ ತಿಳಿಸಿ.

ಬೆಳಗ್ಗೆ ಎದ್ದ ಕೂಡಲೇ ಕಾಫಿ ಬೇಕು. ಮಾತ್ರೆಯ ಜೊತೆಗೇ ಕುಡಿಯಬಹುದೇ?

ಬೇಡ. ಮೊದಲು ಬರೀ ನೀರಿನಲ್ಲಿ ಮಾತ್ರೆ, ಆಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಾಫಿ. ಕಾಫಿಯಿಂದ ಮಾತ್ರೆ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಹಾಲು, ರಾಗಿ ಗಂಜಿ, ಬಾದಾಮಿ ಹಾಲಿಗೂ ಇದೇ ನಿಯಮ. ಹಾಸಿಗೆಯ ಪಕ್ಕದಲ್ಲಿ ಮಾತ್ರೆಯ ಬಾಟಲಿ, ಒಂದು ಲೋಟ ನೀರು ಇಟ್ಟು ಮಲಗಿ. ಎದ್ದು ಮಾತ್ರೆ ನುಂಗಿ, ಮುಖ ತೊಳೆದು, ಸ್ನಾನ ಮುಗಿಸುವ ಹೊತ್ತಿಗೆ ಡಿಕಾಕ್ಷನ್ ಇಳಿದಿರುತ್ತದೆ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಥೈರಾಯ್ಡ್ ಮಾತ್ರೆ ಎಲ್ಲವನ್ನೂ ಒಟ್ಟಿಗೆ ನುಂಗಿದರೆ ಮರೆಯುವುದಿಲ್ಲ. ಹಾಗೆ ಮಾಡಬಹುದಲ್ಲ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಕೆಲವು ವರ್ಷಗಳ ಹಿಂದೆ ಐದು ತಿಂಗಳ ಗರ್ಭಿಣಿಯೊಬ್ಬರು ಮೂರನೆಯ ಬಾರಿ ಚೀಟಿ ತಂದರು. 25 ಮೈಕ್ರೋಗ್ರಾಂನಿಂದ ಶುರುವಾಗಿ 50 ಆಗಿ, ಈಗ 75 ಆಗಿತ್ತು. ಆದರೂ ಟಿಎಸ್‌ಎಚ್ ಇಳಿದಿರಲಿಲ್ಲ. “ನನ್ನ ಮೈಗೆ ಮಾತ್ರೆ ಹಿಡಿಯುತ್ತಲೇ ಇಲ್ಲ” ಎಂದು ಕಣ್ಣು ತುಂಬಿಕೊಂಡರು. ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಬ್ಯಾಗಿನಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದರು, ಅರಿಶಿನ ಕುಂಕುಮಕ್ಕೆ ಇಡುವಂಥದ್ದು. ಅದರೊಳಗೆ ಕಾಗದದ ಏಳು ಪೊಟ್ಟಣಗಳು. ಪ್ರತಿ ಪೊಟ್ಟಣದಲ್ಲೂ ಒಂದು ಕೆಂಪು ಕಬ್ಬಿಣದ ಮಾತ್ರೆ, ಒಂದು ದೊಡ್ಡ ಬಿಳಿ ಕ್ಯಾಲ್ಸಿಯಂ, ಅವುಗಳ ನಡುವೆ ಸಾಸಿವೆಗಿಂತ ತುಸು ದೊಡ್ಡದಾಗಿ ಕಾಣುವ ಥೈರಾಕ್ಸಿನ್. ಭಾನುವಾರ ರಾತ್ರಿ ಕುಳಿತು ವಾರಕ್ಕಾಗುವಷ್ಟು ಕಟ್ಟಿಟ್ಟು, ಬೆಳಗ್ಗೆ ಏಳಕ್ಕೆ ಮೂರನ್ನೂ ಒಂದೇ ಗುಟುಕಿನಲ್ಲಿ ನುಂಗುತ್ತಿದ್ದರು. ಅಷ್ಟು ಶ್ರದ್ಧೆ ಇದ್ದವರು ಅವರು. ಮೂರನ್ನು ದೂರ ದೂರ ಇಡಬೇಕೆಂದು ಯಾರೂ ಹೇಳಿರಲಿಲ್ಲ. ಮೊದಲೆರಡು ಬಾರಿ ಚೀಟಿ ತಂದಾಗ ಬಾಟಲಿ ಕೊಟ್ಟು ಕಳಿಸಿದ್ದವಳು ನಾನೇ. ಅಂದಿನಿಂದ ಕೇಳದೆ ಯಾರನ್ನೂ ಕಳಿಸಿಲ್ಲ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಕರುಳಿನಲ್ಲಿ ಥೈರಾಕ್ಸಿನ್ನಿಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಆದ್ದರಿಂದ ಥೈರಾಕ್ಸಿನ್ನಿಗೂ ಇವೆರಡಕ್ಕೂ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಇರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ, ಅದು ಕಡಿಮೆ ಪ್ರಮಾಣವಲ್ಲ. ಮಲ್ಟಿವಿಟಮಿನ್ ಮಾತ್ರೆಯಲ್ಲೂ ಈ ಎರಡು ಖನಿಜಗಳು ಸೇರಿರುತ್ತವೆ ಎನ್ನುವುದನ್ನು ಹಲವರು ಗಮನಿಸುವುದಿಲ್ಲ. ಎದೆಯುರಿಗೆ ಕುಡಿಯುವ ಆಂಟಾಸಿಡ್ ದ್ರವವೂ ಇದೇ ಗುಂಪಿಗೆ ಸೇರಿದ್ದು.

ನಾನು ಬರೆದುಕೊಡುವ ವೇಳಾಪಟ್ಟಿ ಹೀಗಿರುತ್ತದೆ: ಬೆಳಗ್ಗೆ 6ಕ್ಕೆ ಥೈರಾಕ್ಸಿನ್, 7ಕ್ಕೆ ಕಾಫಿ, ತಿಂಡಿ. 11ಕ್ಕೆ ನಿಂಬೆಹಣ್ಣಿನ ಪಾನಕದೊಂದಿಗೆ ಕಬ್ಬಿಣ. ಮಧ್ಯಾಹ್ನ ಒಂದೂವರೆಗೆ ಊಟದ ಜೊತೆ ಕ್ಯಾಲ್ಸಿಯಂ. ಎರಡನೆಯ ಕ್ಯಾಲ್ಸಿಯಂ ಇದ್ದರೆ ರಾತ್ರಿ ಊಟದ ಜೊತೆ. ಕೆಲಸಕ್ಕೆ ಹೋಗುವವರು ಕಬ್ಬಿಣವನ್ನು ಸಂಜೆಗೆ ಸರಿಸಿಕೊಳ್ಳಬಹುದು. ಅಂತರ ಮಾತ್ರ ಕೆಡಬಾರದು. ಸ್ಟೀಲ್ ಡಬ್ಬಿಯ ಆ ಗರ್ಭಿಣಿ ಮೊದಲು ವೈದ್ಯರಿಗೆ ವಿಷಯ ತಿಳಿಸಿದರು. ಮಾತ್ರೆಗಳ ಹೊತ್ತು ಬದಲಾದ ಮೇಲೆ ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿಯಿತು, ಮಾತ್ರೆಯನ್ನೂ ಕಡಿಮೆ ಮಾಡಿದರು.

ಬೆಳಗ್ಗೆ ಬರೀ ವಾಂತಿ. ಮಾತ್ರೆ ನಿಲ್ಲುವುದೇ ಇಲ್ಲ. ಏನು ಮಾಡಲಿ?

ಮಲಗುವ ಹೊತ್ತಿಗೆ ಸರಿಸಬಹುದೇ ಎಂದು ವೈದ್ಯರನ್ನು ಕೇಳಿ. ರಾತ್ರಿ ಊಟವಾಗಿ ಮೂರು ಗಂಟೆಯ ಬಳಿಕ ತೆಗೆದುಕೊಂಡರೂ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಗ ರಾತ್ರಿಯ ಕ್ಯಾಲ್ಸಿಯಂ ಅನ್ನು ಬೇರೆ ಹೊತ್ತಿಗೆ ಬದಲಿಸಬೇಕಾಗುತ್ತದೆ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಸಾಮಾನ್ಯವಾಗಿ ಇನ್ನೊಂದು ತೆಗೆದುಕೊಳ್ಳಲು ಹೇಳುತ್ತಾರೆ. ನೀರೂ ನಿಲ್ಲದಷ್ಟು ವಾಂತಿಯಿದ್ದರೆ ಥೈರಾಯ್ಡಿನ ಮಾತು ಆಮೇಲೆ, ಮೊದಲು ಆಸ್ಪತ್ರೆಗೆ ಹೋಗಿ.

ಒಂದು ದಿನ ಮರೆತುಬಿಟ್ಟೆ. ಮಗುವಿಗೆ ಏನಾದರೂ ಆಗುತ್ತದೆಯೇ?

ಆಗುವುದಿಲ್ಲ. ಥೈರಾಕ್ಸಿನ್ ದೇಹದಲ್ಲಿ ನಿಧಾನವಾಗಿ ಕರಗುತ್ತದೆ, ಅರ್ಧದಷ್ಟಾಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಅದೇ ದಿನ ನೆನಪಾದರೆ ಹೊಟ್ಟೆ ಖಾಲಿ ಇರುವಾಗ ತೆಗೆದುಕೊಳ್ಳಿ. ವಾರಕ್ಕೆ ಎರಡು ಮೂರು ಬಾರಿ ಮರೆಯುತ್ತಿದ್ದರೆ ಮಾತ್ರ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಇಲ್ಲದಿದ್ದರೆ ಅವರು ಮಾತ್ರೆ ಸಾಲುತ್ತಿಲ್ಲವೆಂದುಕೊಂಡು ಪ್ರಮಾಣ ಹೆಚ್ಚಿಸುತ್ತಾರೆ.

ಹಿಂದಿನ ಕಂಪನಿಯ ಬಾಟಲಿ ಸಿಗಲಿಲ್ಲ. ಬೇರೆ ಕಂಪನಿಯದು ಆಗಬಹುದೇ?

ಆದಷ್ಟು ಒಂದೇ ಕಂಪನಿಯದನ್ನು ಮುಂದುವರಿಸಿ. ಬದಲಿಸಲೇಬೇಕಾಗಿ ಬಂದರೆ ವೈದ್ಯರಿಗೆ ತಿಳಿಸಿ, ಅವರು ನಾಲ್ಕರಿಂದ ಆರು ವಾರದೊಳಗೆ ಟಿಎಸ್‌ಎಚ್ ನೋಡುತ್ತಾರೆ. ಬಾಟಲಿಯ ಮೇಲಿನ ಸಂಖ್ಯೆಯನ್ನು ಅಂಗಡಿಯಲ್ಲಿಯೇ ಓದಿ. 12.5, 25, 50, 75, 88, 100 ಎಂದು ಹಲವು ಪ್ರಮಾಣಗಳಿದ್ದು ಬಾಟಲಿಗಳು ನೋಡಲು ಒಂದೇ ರೀತಿ ಇರುತ್ತವೆ. ತೇವ, ಬಿಸಿಲು, ಬಿಸಿ ಈ ಮಾತ್ರೆಗೆ ಆಗುವುದಿಲ್ಲ. ಒಲೆಯ ಮೇಲಿನ ಕಪಾಟು, ಬಚ್ಚಲಿನ ಕಿಟಕಿ ಬೇಡ. ಮಳೆಗಾಲದ ಮಲೆನಾಡಿನಲ್ಲೂ ಕರಾವಳಿಯಲ್ಲೂ ಇರುವವರು ಮಾತ್ರೆಗಳನ್ನು ಮೂಲ ಬಾಟಲಿಯಲ್ಲಿಯೇ ಮುಚ್ಚಳ ಬಿಗಿದು ಇಡಿ.

## ಊಟ, ಉಪ್ಪು

ಎಲೆಕೋಸು, ಹೂಕೋಸು, ಮೂಲಂಗಿ ಬಿಡಬೇಕೇ? ರಾಗಿ ಮುದ್ದೆ ತಿನ್ನಬಾರದು ಎನ್ನುತ್ತಾರೆ.

ಬಿಡಬೇಕಿಲ್ಲ. ಕೋಸಿನ ಜಾತಿಯ ತರಕಾರಿಗಳಲ್ಲಿ ಅಯೋಡಿನ್ ಬಳಕೆಗೆ ಅಡ್ಡಿಯಾಗುವ ಅಂಶಗಳಿರುವುದು ನಿಜ, ಆದರೆ ಬೇಯಿಸಿದಾಗ ಅವು ಬಹಳಷ್ಟು ಕಡಿಮೆಯಾಗುತ್ತವೆ. ಅಯೋಡಿನ್ ಉಪ್ಪು ತಿನ್ನುವವರು ವಾರಕ್ಕೆ ಒಂದೆರಡು ಬಾರಿ ಪಲ್ಯ, ಸಾಂಬಾರು ಮಾಡಿಕೊಂಡರೆ ತೊಂದರೆಯಿಲ್ಲ. ರಾಗಿಯನ್ನು ಗರ್ಭಿಣಿಯಿಂದ ಕಿತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟು ಕ್ಯಾಲ್ಸಿಯಂ ಇರುವುದರಿಂದಲೇ ಮಾತ್ರೆಯ ಹಿಂದೆಯೇ ರಾಗಿ ಗಂಜಿ ಕುಡಿಯಬೇಡಿ ಎನ್ನುವುದು. ಮಧ್ಯಾಹ್ನ ಮುದ್ದೆ ಸಾರು ಧಾರಾಳವಾಗಿ ಉಣ್ಣಿ.

ಮನೆಯಲ್ಲಿ ಸೈಂಧವ ಲವಣ ಬಳಸುತ್ತೇವೆ. ಅದು ಒಳ್ಳೆಯದಲ್ಲವೇ?

ಗರ್ಭಿಣಿಯ ಅಡುಗೆಗೆ ಅಯೋಡಿನ್ ಸೇರಿಸಿದ ಉಪ್ಪೇ ಬೇಕು. ಸಾಮಾನ್ಯರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕಾದರೆ, ಗರ್ಭಿಣಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 250. ಸೈಂಧವ ಲವಣದಲ್ಲಿ, ಹಾಗೆಯೇ ಮಾರುವ ಕಲ್ಲುಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಗಳಗಂಡ ಹೊಸ ಮಾತಲ್ಲ. 1962ರಲ್ಲಿ ದೇಶದಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಉಪ್ಪಿಗೆ ಅಯೋಡಿನ್ ಬೆರೆಸಿದ್ದರಿಂದಲೇ ಆ ತೊಂದರೆ ಇಷ್ಟು ಇಳಿದದ್ದು. ಏಕಾದಶಿಯಂದು ಸೈಂಧವ ಬಳಸಿದರೆ ಅಡ್ಡಿಯಿಲ್ಲ, ವರ್ಷವಿಡೀ ಅದನ್ನೇ ಬಳಸಬೇಡಿ. ಪೊಟ್ಟಣ ಒಡೆದ ಮೇಲೆ ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಹಾಗೆಂದು ಅಯೋಡಿನ್ ಮಾತ್ರೆ, ಸಮುದ್ರದ ಪಾಚಿಯ ಪುಡಿ ಎಂದು ಸ್ವಂತವಾಗಿ ಶುರು ಮಾಡಬೇಡಿ. ಅಯೋಡಿನ್ ಅತಿಯಾದರೂ ಗ್ರಂಥಿ ಕೆಡುತ್ತದೆ.

## ಪರೀಕ್ಷೆ

ಎಷ್ಟು ದಿನಕ್ಕೊಮ್ಮೆ ರಕ್ತ ಕೊಡಬೇಕು? ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಅರ್ಧ ಗರ್ಭಾವಸ್ಥೆ ಮುಗಿಯುವವರೆಗೆ ಸುಮಾರು 4 ವಾರಕ್ಕೊಮ್ಮೆ, ಆಮೇಲೆ 30ನೇ ವಾರದ ಹೊತ್ತಿಗೆ ಒಮ್ಮೆಯಾದರೂ. ಪ್ರಮಾಣ ಬದಲಾದರೆ ಅದಾಗಿ 4 ವಾರಕ್ಕೆ. ಹಸಿದ ಹೊಟ್ಟೆ ಬೇಕಿಲ್ಲ. ಆದರೆ ಟಿಎಸ್‌ಎಚ್ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುವುದರಿಂದ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೋಗಿ. ಫ್ರೀ ಟಿ4 ಕೂಡ ನೋಡುವುದಿದ್ದರೆ ಅಂದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿಸುತ್ತದೆ. ಪ್ರತಿ ರಿಪೋರ್ಟಿನ ದಿನಾಂಕ, ಟಿಎಸ್‌ಎಚ್, ಮಾತ್ರೆಯ ಪ್ರಮಾಣವನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ತವರಿಗೆ ಹೆರಿಗೆಗೆ ಹೋದಾಗ ಅಲ್ಲಿನ ವೈದ್ಯರಿಗೆ ಆ ಮೂರು ಸಾಲುಗಳೇ ಬೇಕಾಗುವುದು.

## ಇನ್ನೂ ಮುಂದಿನ ಪ್ರಶ್ನೆಗಳು

ಮೊದಲಿನಿಂದಲೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಗರ್ಭ ನಿಂತಿದೆ. ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಹುದೇ?

ಕಾಯಬೇಡಿ, ಅಂದೇ ವೈದ್ಯರಿಗೆ ಫೋನ್ ಮಾಡಿ. ಇಂಥವರಿಗೆ ಸಾಮಾನ್ಯವಾಗಿ ಪ್ರಮಾಣವನ್ನು ಶೇ. 25ರಿಂದ 30ರಷ್ಟು ಹೆಚ್ಚಿಸಬೇಕಾಗುತ್ತದೆ. ವಾರಕ್ಕೆ 7ರ ಬದಲು 9 ಮಾತ್ರೆ ಎಂದು ಹಲವು ವೈದ್ಯರು ಮೊದಲೇ ಹೇಳಿಟ್ಟಿರುತ್ತಾರೆ. ಮಗುವಿಗಾಗಿ ಯೋಜನೆ ಮಾಡುತ್ತಿರುವವರು ಈ ಮಾತನ್ನು ಮುಂಚೆಯೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಆಂಟಿ ಟಿಪಿಒ ಪಾಸಿಟಿವ್, ಆದರೆ ಟಿಎಸ್‌ಎಚ್ ಸರಿಯಾಗಿದೆ. ಗರ್ಭಪಾತ ತಡೆಯಲು ಮಾತ್ರೆ ಬೇಕೇ?

ಈ ಪ್ರತಿಕಾಯ ಇರುವವರಲ್ಲಿ ಗರ್ಭಪಾತದ ಸಂಭವ ಸ್ವಲ್ಪ ಹೆಚ್ಚು. ಆದರೆ ಟಿಎಸ್‌ಎಚ್ ಸಹಜವಾಗಿದ್ದಾಗ ಮಾತ್ರೆ ಕೊಟ್ಟರೆ ಅದು ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತ್ರೆಯಿಂದ ಜೀವಂತ ಹೆರಿಗೆಗಳು ಹೆಚ್ಚಲಿಲ್ಲ. ನಿಮಗೆ ಬೇಕಾಗಿರುವುದು ನಿಗಾ. ಮುಂದಿನ ವಾರಗಳಲ್ಲಿ ಟಿಎಸ್‌ಎಚ್ ಏರಬಹುದು, ಅದಕ್ಕಾಗಿ 4 ವಾರಕ್ಕೊಮ್ಮೆ ಪರೀಕ್ಷೆ.

ನನಗೆ ಉಲ್ಟಾ. ಟಿಎಸ್‌ಎಚ್ 0.05 ಇದೆ. ಇದು ಹೆಚ್ಚು ಅಪಾಯವೇ?

ಬಹುಪಾಲು ಇದು ತಾನಾಗಿಯೇ ಸರಿಹೋಗುತ್ತದೆ. ಗರ್ಭದ ಹಾರ್ಮೋನಾದ ಎಚ್‌ಸಿಜಿ ಥೈರಾಯ್ಡನ್ನೂ ಚುರುಕುಗೊಳಿಸುತ್ತದೆ. 10ರಿಂದ 12ನೇ ವಾರದಲ್ಲಿ ಅದು ತುತ್ತತುದಿಯಲ್ಲಿದ್ದಾಗ ಟಿಎಸ್‌ಎಚ್ ಕೆಳಗಿಳಿಯುತ್ತದೆ. ಅವಳಿ ಮಕ್ಕಳಿದ್ದರೆ, ವಾಂತಿ ವಿಪರೀತವಿದ್ದರೆ ಇನ್ನೂ ಹೆಚ್ಚು. ಇದಕ್ಕೆ ಥೈರಾಯ್ಡ್ ತಗ್ಗಿಸುವ ಮಾತ್ರೆ ಬೇಕಾಗುವುದಿಲ್ಲ. ಆದರೆ ಕತ್ತು ಊದಿದ್ದರೆ, ಕಣ್ಣು ಹೊರಚಾಚಿದಂತಿದ್ದರೆ, ಗರ್ಭಕ್ಕೂ ಮುಂಚೆಯೇ ಎದೆಬಡಿತ, ತೂಕ ಇಳಿತ ಇದ್ದರೆ ಥೈರಾಯ್ಡ್ ಅತಿಯಾಗಿ ದುಡಿಯುವ ಗ್ರೇವ್ಸ್ ಕಾಯಿಲೆಯೇ ಎಂದು ನೋಡಬೇಕು, ಅದು ಸೌಮ್ಯದ ಪಟ್ಟಿಗೆ ಸೇರಿದ್ದಲ್ಲ. ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಗರ್ಭ ನಿಂತರೆ ಅದೇ ದಿನ ವೈದ್ಯರನ್ನು ಕಾಣಿ. ಮೊದಲ ತಿಂಗಳುಗಳಲ್ಲಿ ಅದು ಭ್ರೂಣಕ್ಕೆ ಒಳ್ಳೆಯದಲ್ಲ, ಬದಲಿ ಔಷಧವಿದೆ.

ಹೆರಿಗೆಯಾದ ಮೇಲೆ ಮಾತ್ರೆ ನಿಲ್ಲಿಸಬಹುದೇ, ಜೀವನಪೂರ್ತಿ ಬೇಕೇ?

ಗರ್ಭಾವಸ್ಥೆಯಲ್ಲಿಯೇ 25 ಅಥವಾ 50 ಮೈಕ್ರೋಗ್ರಾಂ ಶುರು ಮಾಡಿದ ಅನೇಕರಿಗೆ ಹೆರಿಗೆಯ ನಂತರ ನಿಲ್ಲಿಸುತ್ತಾರೆ. ಮೊದಲಿನಿಂದಲೇ ತೆಗೆದುಕೊಳ್ಳುತ್ತಿದ್ದವರು ಹಳೆಯ ಪ್ರಮಾಣಕ್ಕೆ ಮರಳುತ್ತಾರೆ. ಎರಡರಲ್ಲೂ ಆರು ವಾರಕ್ಕೆ ಟಿಎಸ್‌ಎಚ್ ಪರೀಕ್ಷೆ ಆಗಲೇಬೇಕು. ಎದೆಹಾಲು ಕುಡಿಸುವಾಗ ಥೈರಾಕ್ಸಿನ್ ತೆಗೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಮಗುವಿಗೆ ನಾಲ್ಕು ತಿಂಗಳು. ನನಗೆ ಎದೆ ಹೊಡೆದುಕೊಳ್ಳುವುದು, ಆಮೇಲೆ ವಿಪರೀತ ಸುಸ್ತು, ಅಳು. ಬಾಣಂತನದ ಸುಸ್ತು ಎಂದು ಮನೆಯವರು ಹೇಳುತ್ತಾರೆ.

ಮನೆಯವರ ಮಾತನ್ನು ಒಪ್ಪುವ ಮೊದಲು ಟಿಎಸ್‌ಎಚ್ ಮಾಡಿಸಿ. ಹೆರಿಗೆಯಾದ ಒಂದು ವರ್ಷದೊಳಗೆ ಥೈರಾಯ್ಡ್ ಗ್ರಂಥಿಗೆ ಉರಿಯೂತ ಬರಬಹುದು. ಆಂಟಿ ಟಿಪಿಒ ಪಾಸಿಟಿವ್ ಇದ್ದವರಲ್ಲಿ ಇದು ಹೆಚ್ಚು. ಮೊದಲು ಹಾರ್ಮೋನ್ ಸೋರಿ ಎದೆಬಡಿತ, ಕಳವಳ. ಬಳಿಕ ಬತ್ತಿ ಸುಸ್ತು, ಕೂದಲು ಉದುರುವುದು, ಮಂಕು. ಬಹಳ ಮಂದಿಗೆ ತಾನಾಗಿ ಸರಿಯಾಗುತ್ತದೆ, ಕೆಲವರಿಗೆ ಕೆಲವು ತಿಂಗಳು ಮಾತ್ರೆ ಬೇಕಾಗುತ್ತದೆ. ಅಳು ನಿಲ್ಲದಿದ್ದರೆ, ಬದುಕು ಬೇಡ ಎನಿಸಿದರೆ ರಿಪೋರ್ಟ್ ಬರುವವರೆಗೂ ಕಾಯದೆ ವೈದ್ಯರ ಬಳಿ ಹೋಗಿ. ಒಬ್ಬರೇ ಹೋಗಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಹುಟ್ಟಿದ ಮಗುವಿಗೂ ಪರೀಕ್ಷೆ ಮಾಡಿಸಬೇಕೇ?

ಮಾಡಿಸಿ. ನಿಮಗೆ ಥೈರಾಯ್ಡ್ ಸಮಸ್ಯೆ ಇದ್ದರೂ ಇಲ್ಲದಿದ್ದರೂ ಮಾಡಿಸಿ. ನಮ್ಮ ದೇಶದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುತ್ತದೆ. ಹುಟ್ಟಿದಾಗ ಮಗು ನೋಡಲು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಮೂರರಿಂದ ಐದು ದಿನದೊಳಗೆ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆಯುತ್ತಾರೆ, ಅಥವಾ ಹೆರಿಗೆಯ ಹೊತ್ತಿನಲ್ಲಿಯೇ ಹೊಕ್ಕುಳಬಳ್ಳಿಯ ರಕ್ತದಿಂದ ನೋಡುತ್ತಾರೆ. ಕೊರತೆ ಕಂಡರೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು. ಶುರುವಾದರೆ ಮಗು ಎಲ್ಲ ಮಕ್ಕಳಂತೆಯೇ ಬೆಳೆಯುತ್ತದೆ. ಎಲ್ಲ ಆಸ್ಪತ್ರೆಗಳಲ್ಲೂ ಇದನ್ನು ತಾವಾಗಿ ಮಾಡುವುದಿಲ್ಲ, ಆದ್ದರಿಂದ ಹೆರಿಗೆಗೆ ಸೇರುವಾಗಲೇ ಕೇಳಿ. ಮನೆಗೆ ಹೊರಡುವ ಮೊದಲು ರಿಪೋರ್ಟನ್ನು ಯಾವ ದಿನ, ಯಾರಿಂದ ಪಡೆಯಬೇಕು ಎಂದು ಬರೆಸಿಕೊಳ್ಳಿ.